ಪೌರಾಣಿಕ ನಾಟಕಕ್ಕೆ ಕಲಾವಿದೆಯರನ್ನು ಗೊತ್ತುಮಾಡುವುದು: ಮಂಡ್ಯ ಸೀಮೆಯ ಸೇವೆಗಳ ವಿಮರ್ಶೆ

ಮದ್ದೂರು, ಮಳವಳ್ಳಿ, ಪಾಂಡವಪುರ, ನಾಗಮಂಗಲ, ಯಾವ ಕಡೆ ಹೋದರೂ ಸುಗ್ಗಿ ಮುಗಿಯುತ್ತಿದ್ದಂತೆ ಪೌರಾಣಿಕ ನಾಟಕದ ಫ್ಲೆಕ್ಸುಗಳು ಏಳುತ್ತವೆ. ಕುರುಕ್ಷೇತ್ರವೇ ಹೆಚ್ಚು. ದುರ್ಯೋಧನನಿಂದ ಹಿಡಿದು ವಿದುರನವರೆಗೆ ಗಂಡಸರ ಪಾರ್ಟೆಲ್ಲ ಊರಿನವರದೇ. ಪಾರ್ಟಿಗೆ ಇಷ್ಟು ಎಂದು ದುಡ್ಡು ಹಾಕಿಕೊಂಡು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿಕೊಂಡು, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಯುತ್ತಾರೆ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ ಮಾತ್ರ ಹೊರಗಿನಿಂದ ಬರುತ್ತಾರೆ. ಅಂದರೆ ಆ ರಂಗದ ಮೇಲೆ ಅಭಿನಯವನ್ನೇ ಕಸುಬಾಗಿ ಮಾಡಿಕೊಂಡವರು ಈ ಮೂರು ನಾಲ್ಕು ಮಂದಿ ಕಲಾವಿದೆಯರಷ್ಟೆ. ಮಾತು ಮರೆತ ಅರ್ಜುನನಿಗೆ ಎದುರಿನಿಂದ ಎತ್ತಿಕೊಡುವವರು, ತಾಳ ತಪ್ಪಿದ ಕೃಷ್ಣನನ್ನು ಪಲ್ಲವಿಗೆ ಎಳೆದು ತರುವವರು ಅವರೇ. ಆದರೂ ನಾಟಕ ಆಡಿಸುವ ಸಮಿತಿಯ ಲೆಕ್ಕದಲ್ಲಿ ಸೀನ್ಸ್ (ಪರದೆ, ಒಡವೆಗಳ ಬಾಡಿಗೆ), ಮೈಕು, ಶಾಮಿಯಾನ, ಊಟ ಎಲ್ಲ ಆದಮೇಲೆ ಅವರ ಸಂಭಾವನೆ ಬರುತ್ತದೆ. ಚೌಕಾಸಿ ಮಾತ್ರ ಅಲ್ಲಿಂದಲೇ ಶುರುವಾಗುತ್ತದೆ.

ಹೀಗಾಗಿ ನಾಟಕಕ್ಕೆ ಸೀನ್ಸ್, ಕಲಾವಿದೆಯರನ್ನು ಒದಗಿಸುವ ಒಂದು ಸೇವೆ ಒಳ್ಳೆಯದೋ ಅಲ್ಲವೋ ಎಂದು ತೂಗುವಾಗ ದರ್ಬಾರ್ ಸೀನಿನ ಜರಿಯನ್ನೋ ಕಿರೀಟದ ಹೊಳಪನ್ನೋ ನೋಡಿದರೆ ಸಾಲದು. ಕಲಾವಿದೆಯರನ್ನು ಹೇಗೆ ಕಳಿಸುತ್ತಾರೆ, ಯಾವ ತಯಾರಿಯಲ್ಲಿ ಕಳಿಸುತ್ತಾರೆ ಎಂಬುದನ್ನು ನೋಡಬೇಕು. ನಾಟಕ ನಿಲ್ಲುವುದೂ ಬೀಳುವುದೂ ಅಲ್ಲೇ.

ಗೊತ್ತುಮಾಡುವ ದಾರಿ ಮೂರಿವೆ. ಸೀನ್ಸ್‌ನವರ ಪ್ಯಾಕೇಜ್ ಮೊದಲನೆಯದು. ಪರದೆ, ಸೈಡ್ ವಿಂಗ್, ಒಡವೆ, ಲೈಟು, ಮೇಕಪ್, ಸ್ತ್ರೀ ಪಾತ್ರ ಎಲ್ಲ ಒಂದೇ ಮೊತ್ತಕ್ಕೆ ಮಾತಾಗುತ್ತದೆ. ಓಡಾಟ ಕಡಿಮೆ, ಲೆಕ್ಕ ಸುಲಭ. ತೊಂದರೆ ಏನೆಂದರೆ ಕರಪತ್ರದಲ್ಲಿ ಹೆಸರಿರುವ ಕಲಾವಿದೆಯೇ ಬರುತ್ತಾರೆಂಬ ಖಾತ್ರಿ ಇರುವುದಿಲ್ಲ. ಸೀಸನ್ನಿನಲ್ಲಿ ಒಂದೇ ರಾತ್ರಿ ಎರಡು ಮೂರು ಊರಿಗೆ ಒಪ್ಪಿಕೊಂಡ ಸೀನ್ಸ್‌ನವರು ಸಂಜೆ ಹೊತ್ತಿಗೆ ಬದಲಿ ಕಳಿಸುತ್ತಾರೆ. ಬಂದವರು ಎಷ್ಟೇ ನುರಿತವರಾಗಿರಲಿ, ಟ್ರಯಲ್‌ನಲ್ಲಿ, ಅಂದರೆ ತಾಲೀಮಿನಲ್ಲಿ, ನಿಂತವರಲ್ಲ. ಎರಡನೆಯದು ಮೇಷ್ಟ್ರ ಮೂಲಕ. ಮೇಷ್ಟ್ರಿಗೂ ಅವರು ಕರೆಸುವ ಕಲಾವಿದೆಯರಿಗೂ ಶ್ರುತಿ, ಮಟ್ಟು (ಹಾಡಿನ ಧಾಟಿ), ಪಾಠ (ನಾಟಕದ ಮಾತು) ಮೊದಲೇ ಹೊಂದಿಕೊಂಡಿರುತ್ತವೆ. ಮೂರನೆಯದು ನೇರವಾಗಿ ಮಾತಾಡಿ ಗೊತ್ತುಮಾಡುವುದು. ವರ್ಷವರ್ಷವೂ ನಾಟಕ ಆಡುವ, ಕಲಾವಿದೆಯರ ಗುರುತಿರುವ ತಂಡಕ್ಕೆ ಇದೇ ಸರಿ, ಮಧ್ಯದವರ ಕಮಿಷನ್ ಉಳಿದು ದುಡ್ಡು ನೇರ ಅವರ ಕೈಗೇ ಹೋಗುತ್ತದೆ. ಮೊದಲ ಸಲ ಆಡುವ ತಂಡ ಮಾತ್ರ ಮೇಷ್ಟ್ರ ದಾರಿ ಹಿಡಿಯುವುದು ಕ್ಷೇಮ. ಪ್ಯಾಕೇಜನ್ನೇ ಆರಿಸಿದರೆ, ಸೀನ್ಸ್ ಅವರಿಂದ, ಸ್ತ್ರೀ ಪಾತ್ರ ಬೇರೆ ಕಡೆಯಿಂದ ಎಂದು ಒಡೆದು ಮಾತಾಡಬೇಕು. ಒಪ್ಪದ ಸೀನ್ಸ್‌ನವರು ಅಪರೂಪ.

ಕಂಪನಿ ನಾಟಕಗಳ ಆರಂಭ ಕಾಲದಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಆಮೇಲೆ ಬಂದ ಕಲಾವಿದೆಯರು ಆ ಜಾಗವನ್ನಷ್ಟೇ ತುಂಬಿ ಸುಮ್ಮನಾಗಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡು ಪಾತ್ರಗಳನ್ನೂ ಹೆಂಗಸರಿಂದಲೇ ಆಡಿಸಿದರು. ಕೃಷ್ಣಲೀಲೆಯಲ್ಲಿ ಅವರು ಕಟ್ಟುತ್ತಿದ್ದ ಕಂಸನ ಪಾತ್ರಕ್ಕೆ ಜನ ಸೇರುತ್ತಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂದು ಮಂಡ್ಯದ ಹಳ್ಳಿಗೆ ದ್ರೌಪದಿಯಾಗಿ ಬರುವ ಕಲಾವಿದೆ ಆ ಪರಂಪರೆಯವರು. ಅವರ ಜೊತೆ ಮಾತಾಡುವಾಗ ಇದು ತಲೆಯಲ್ಲಿರಬೇಕು.

ಯಾವ ತರಬೇತಿಯವರು ಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಮೈಸೂರಿನಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಶುರುವಾದ ರಂಗಾಯಣದಂಥ ಕಡೆ ಪಳಗಿದವರ ಮಾತು, ಮೈಯ ಹಿಡಿತ, ಎದುರು ಪಾತ್ರದ ಕಡೆಗಿನ ಗಮನ ಬೇರೆಯೇ ಮಟ್ಟದ್ದು. ಆದರೆ ಪೌರಾಣಿಕ ನಾಟಕಕ್ಕೆ ಕಂದ, ವೃತ್ತ, ಸೀಸ ಎಂಬ ಪದ್ಯಗಳನ್ನು ತಾಳವಿಲ್ಲದೆ ಎತ್ತಿ ಹಾಡಿ, ಕೊನೆಯ ಅಕ್ಷರದಿಂದಲೇ ಮಾತಿಗೆ ಇಳಿಯುವ ರೂಢಿ ಬೇಕು. ಅದು ಕಂಪನಿ ಮಟ್ಟಿನ ಹಾಡುಗಾರಿಕೆಯಲ್ಲಿ ಬೆಳೆದವರಿಗೆ ಸಲೀಸು. ಎರಡೂ ಇರುವವರು ಸಿಕ್ಕರೆ ತಾರೀಖು ಬದಲಿಸಿಯಾದರೂ ಅವರನ್ನೇ ಕರೆಸಿ.

ಎಲ್ಲಕ್ಕಿಂತ ಹೆಚ್ಚು ನಾಟಕ ಕೆಡಿಸುವುದು ಶ್ರುತಿ. ಊರಿನ ಕೃಷ್ಣ ಒಂದೂವರೆ ಮನೆಗೆ, ಅಂದರೆ ಹಾರ್ಮೋನಿಯಂನ ಆ ಕೀಲಿಯನ್ನು ಶ್ರುತಿಯಾಗಿ ಹಿಡಿದು, ಕಲಿತಿರುತ್ತಾನೆ, ರುಕ್ಮಿಣಿಯವರ ಕಂಠ ಐದೂವರೆಯದು. ಅವರವರ ಹಾಡಿಗೆ ತೊಂದರೆಯಿಲ್ಲ, ಮೇಷ್ಟ್ರು ಮನೆ ಬದಲಿಸಿಕೊಳ್ಳುತ್ತಾರೆ. ಯುಗಳಗೀತೆ ಬಂದಾಗ ಸಿಕ್ಕಾಗುತ್ತದೆ. ಒಂದೂವರೆಗೇ ಹಿಡಿದರೆ ಕಲಾವಿದೆಯ ದನಿ ಮೇಲಕ್ಕೆ ಹೋದಾಗ ಕಿರುಚಿದಂತಾಗುತ್ತದೆ, ಕೆಳಕ್ಕೆ ಬಂದಾಗ ಕೇಳಿಸುವುದೇ ಇಲ್ಲ. ಐದೂವರೆಗೆ ಹಿಡಿದರೆ ಕೃಷ್ಣನ ಗಂಟಲು ಕಟ್ಟುತ್ತದೆ. ಚರಣಚರಣಕ್ಕೂ ಮನೆ ಬದಲಿಸುವ ಮೇಷ್ಟ್ರೂ ಇದ್ದಾರೆ. ಹಾಗೆ ಮಾಡಿದರೆ ಪ್ರತಿ ಸಲವೂ ಹಾಡು ಮುಗ್ಗರಿಸುತ್ತದೆ. ಸರಿಯಾದ ದಾರಿ ಮಧ್ಯಮ ಶ್ರುತಿ. ಒಂದೂವರೆಯ ಮಧ್ಯಮ, ಅಂದರೆ ಮ ಸ್ವರ, ಬೀಳುವುದು ನಾಲ್ಕೂವರೆಗೆ. ಅದನ್ನೇ ಷಡ್ಜ, ಅಂದರೆ ಸ, ಮಾಡಿಕೊಂಡರೆ ಕಲಾವಿದೆ ಒಂದು ಮನೆ ಇಳಿದರೆ ಸಾಕು, ಕೃಷ್ಣನಿಗೆ ತನ್ನ ಮಧ್ಯಮವೇ ಆಧಾರವಾಗುತ್ತದೆ. ತಾರಸ್ಥಾಯಿಯಲ್ಲಿ ಬಹಳ ಹೊತ್ತು ನಿಲ್ಲುವ ಹಾಡಿಗೆ ಇದು ಒಗ್ಗುವುದಿಲ್ಲ. ಅಂಥ ಹಾಡಿನಲ್ಲಿ ಮೇಲಿನ ಸಾಲುಗಳನ್ನು ಕಲಾವಿದೆಗೆ ಬಿಟ್ಟು ಪಲ್ಲವಿಯನ್ನು ಮಾತ್ರ ಇಬ್ಬರೂ ಹಾಡಬೇಕು.

ಇದರ ಮೇಲೆ ನಮ್ಮ ಸೀಮೆಯ ಇನ್ನೊಂದು ಪದ್ಧತಿ ಸೇರುತ್ತದೆ. ಪಾರ್ಟು ಬೇಕೆನ್ನುವವರು ಹೆಚ್ಚಾದಾಗ ಒಂದೇ ಪಾತ್ರವನ್ನು ಹಂಚುತ್ತಾರೆ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ. ಮೂವರ ಶ್ರುತಿಯೂ ಮೂರು, ನಡೆಯೂ ಮೂರು. ಎದುರಿಗೆ ರುಕ್ಮಿಣಿ ಮಾತ್ರ ಒಬ್ಬರೇ. ಆದ್ದರಿಂದ ಯಾರ ಯಾರ ಜೊತೆ ಯಾವ ಹಾಡು, ಯಾವ ಮನೆ ಎಂದು ಒಂದು ಹಾಳೆಯಲ್ಲಿ ಬರೆದು ಕಲಾವಿದೆಗೆ ಹದಿನೈದು ದಿನ ಮೊದಲೇ ತಲುಪಿಸಬೇಕು. ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು. ಹೀಗೆ ಕಳಿಸಿ ಎಂದು ತಾವಾಗಿ ಕೇಳುವ ಸೇವೆ ಸಿಕ್ಕರೆ ಅದನ್ನು ಬಿಡಬೇಡಿ. ಬಂದು ನೋಡಿಕೊಳ್ಳೋಣ ಬಿಡಿ ಎನ್ನುವವರಿಂದ ದೂರ ಇರಿ.

ಟ್ರಯಲ್‌ಗೆ ಬರಲು ಬೇರೆ ಸಂಭಾವನೆ ಕೇಳುತ್ತಾರೆಂದು ಹಲವು ಸಮಿತಿಗಳು ಮುಖ ಸಿಂಡರಿಸುತ್ತವೆ. ಅದು ನ್ಯಾಯವಾದ ಕೇಳಿಕೆ, ಒಂದು ದಿನದ ದುಡಿಮೆ ಬಿಟ್ಟು ಬರುವವರಿಗೆ ಕೊಡಲೇಬೇಕಾದ ಹಣ. ಕನಿಷ್ಠ ಒಂದು ಟ್ರಯಲ್, ಸಾಧ್ಯವಾದರೆ ಎರಡು ಬೇಕು. ಮೊದಲನೆಯದರಲ್ಲಿ ಹಾಡು ಮತ್ತು ಮಾತಿನ ಕೊಂಡಿ, ಎರಡನೆಯದರಲ್ಲಿ ರಂಗದ ಮೇಲಿನ ನಡೆ. ಕೊಂಡಿ ಎಂದರೆ ಎದುರಿನವರ ಯಾವ ಕೊನೆ ಮಾತಿಗೆ ತನ್ನ ಮಾತು ಎತ್ತಬೇಕು ಎಂಬುದು. ಒಂದೇ ಕುರುಕ್ಷೇತ್ರಕ್ಕೂ ಮೇಷ್ಟ್ರಿಂದ ಮೇಷ್ಟ್ರಿಗೆ ಪಾಠ ಬೇರೆ, ಹಾಡು ಬೇರೆ, ದೃಶ್ಯದ ಸರಣಿಯೂ ಬೇರೆ. ಕಲಾವಿದೆಯರು ನಾಲ್ಕಾರು ಪಾಠಗಳನ್ನು ಬಾಯಲ್ಲಿ ಇಟ್ಟುಕೊಂಡಿರುತ್ತಾರೆ, ನಿಮ್ಮದು ಯಾವುದು ಎಂದು ತಿಳಿಸದಿದ್ದರೆ ಅದು ಅವರ ತಪ್ಪಲ್ಲ.

ಜೋಡಿ ಪಾತ್ರ ಕೊಡುವಾಗ ದೃಶ್ಯಗಳ ಪಟ್ಟಿ ಮುಂದಿಟ್ಟುಕೊಂಡು ನೋಡಿ. ರುಕ್ಮಿಣಿಯಾದವರೇ ಉತ್ತರೆ, ಕುಂತಿಯಾದವರೇ ಗಾಂಧಾರಿ ಎಂದು ಹೊಂದಿಸುವುದು ವಾಡಿಕೆ. ಎರಡು ಪ್ರವೇಶಗಳ ನಡುವೆ ಸೀರೆ, ಒಡವೆ, ಚೌರಿ (ಕಟ್ಟುವ ಕೂದಲು) ಬದಲಿಸಲು ಇಪ್ಪತ್ತು ನಿಮಿಷ ಬೇಕೇ ಬೇಕು. ಹತ್ತೇ ನಿಮಿಷ ಸಿಕ್ಕರೆ ಒಡವೆ ಅರ್ಧ ಕಟ್ಟಿಕೊಂಡು ರಂಗಕ್ಕೆ ಬರಬೇಕಾಗುತ್ತದೆ, ಇಲ್ಲವೇ ಜನರ ಎದುರು ಖಾಲಿ ರಂಗ ನಿಲ್ಲುತ್ತದೆ. ಆ ಖಾಲಿ ಹೊತ್ತನ್ನು ಸಖಿಯರ ನೃತ್ಯದಿಂದ ತುಂಬುವ ಚಾಳಿ ನಾಟಕದ ಓಟವನ್ನು ಕೊಲ್ಲುತ್ತದೆ.

ವಸ್ತ್ರಾಪಹರಣ ಇರುವ ನಾಟಕವಾದರೆ ಅದಕ್ಕೇ ಪ್ರತ್ಯೇಕ ತಾಲೀಮು ಬೇಕು. ಈ ದೃಶ್ಯದಲ್ಲಿ ಅಪಾಯ ಕಲಾವಿದೆಗೆ ಮಾತ್ರ, ಎಳೆಯುವ ಕೈ ಹೊಸಬನದು. ಒಳಗಿನ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಎಲ್ಲ ಕಡೆ ಪಿನ್ ಮಾಡಿ ಭದ್ರಪಡಿಸಿರಬೇಕು, ಅದು ಎಂದೂ ಕೈಗೆ ಸಿಗಬಾರದು. ಎಳೆಯುವ ಸೀರೆ ಬೇರೆ. ಐದೂವರೆ ಮೀಟರಿನ ಎಂಟು ಸೀರೆಗಳನ್ನು ತುದಿಗೆ ತುದಿ ಸೇರಿಸಿ ಹೊಲಿದರೆ 44 ಮೀಟರ್ ಆಗುತ್ತದೆ. ಗಂಟು ಹಾಕಿದರೆ ಸೊಂಟದ ಹತ್ತಿರ ಸಿಕ್ಕಿಕೊಳ್ಳುತ್ತದೆ, ಚಪ್ಪಟೆ ಹೊಲಿಗೆಯೇ ಆಗಬೇಕು. ಹತ್ತಿ ಸೀರೆ ಕಚ್ಚಿಕೊಳ್ಳುತ್ತದೆ, ಜಾರುವ ಸಿಂಥೆಟಿಕ್ ಬಟ್ಟೆ ವಾಸಿ. ಬಣ್ಣ ಬೇರೆ ಬೇರೆ ಇದ್ದರೆ ಸೀರೆಯ ಮೇಲೆ ಸೀರೆ ಬರುತ್ತಿರುವುದು ಹಿಂದಿನ ಸಾಲಿಗೂ ಕಾಣುತ್ತದೆ. ಅಷ್ಟೂ ಬಟ್ಟೆಯನ್ನು ಮೈಗೆ ಸುತ್ತಿಕೊಂಡರೆ ನಡೆಯಲಾಗುವುದಿಲ್ಲ, ಉಸಿರೂ ಕಟ್ಟುತ್ತದೆ. ಎರಡು ಸುತ್ತು ಮಾತ್ರ ಮೈಮೇಲಿದ್ದು ಉಳಿದದ್ದು ಹಿಂದಿನ ಪರದೆಯ ಸೀಳಿನಿಂದ ಬರಬೇಕು. ಪರದೆಯ ಹಿಂದೆ ಕೂತವರು ಬುಟ್ಟಿಯಿಂದ ಒಂದೇ ಹದದಲ್ಲಿ ಬಿಡುತ್ತಿರಬೇಕು. ದುಶ್ಯಾಸನ ಸೆಕೆಂಡಿಗೆ ಅರ್ಧ ಮೀಟರಿನಂತೆ ಎಳೆದರೂ ಒಂದೂವರೆ ನಿಮಿಷದೊಳಗೆ ಸೀರೆ ಮುಗಿಯುತ್ತದೆ, ದ್ರೌಪದಿಯ ಮೊರೆಯ ಹಾಡು ಅದಕ್ಕಿಂತ ಉದ್ದವಿರುತ್ತದೆ. ಆದ್ದರಿಂದ ಹಾಡಿನ ಯಾವ ಸಾಲಿಗೆ ಎಳೆಯಬೇಕು, ಯಾವ ಸಾಲಿಗೆ ದಣಿದು ನಿಲ್ಲಬೇಕು ಎಂದು ಮೊದಲೇ ಗೊತ್ತಾಗಿರಬೇಕು. ಮುಡಿ ಹಿಡಿದು ಎಳೆತರುವಾಗ ಹಿಡಿಯಬೇಕಾದದ್ದು ಚೌರಿಯ ತುದಿಯನ್ನಲ್ಲ, ಬುಡವನ್ನು. ಆ ಕೈಯ ಮೇಲೆ ಕಲಾವಿದೆಯೂ ತಮ್ಮ ಕೈ ಇಟ್ಟುಕೊಳ್ಳುತ್ತಾರೆ. ಆಗ ಎಳೆತದ ಭಾರ ತಲೆಗೆ ಬೀಳದೆ ಅವರ ಕೈಗೆ ಬೀಳುತ್ತದೆ, ಜನರಿಗೆ ಬಿಡಿಸಿಕೊಳ್ಳುತ್ತಿರುವಂತೆ ಕಾಣುತ್ತದೆ. ದುಶ್ಯಾಸನನ ಪಾರ್ಟಿನವರು ಕುಡಿದು ಬಂದಿದ್ದರೆ ಈ ದೃಶ್ಯ ಆಡುವುದಿಲ್ಲ ಎಂದು ಹೇಳುವ ಹಕ್ಕು ಕಲಾವಿದೆಗೆ ಇರಬೇಕು. ಸೇವೆಯವರು ಆ ಮಾತಿಗೆ ಬೆನ್ನು ಕೊಡುತ್ತಾರೆಯೇ ಎಂದು ಗೊತ್ತುಮಾಡುವ ದಿನವೇ ಕೇಳಿ.

ಬಣ್ಣದ ಮನೆ ವಿಷಯಕ್ಕೆ ಬರೋಣ. ರಂಗದ ಹಿಂದೆ ಶಾಮಿಯಾನ ಬಟ್ಟೆ ಕಟ್ಟಿ, ಕೌರವ ಪಾಂಡವರ ನಡುವೆಯೇ ಒಂದು ಮೂಲೆ ತೋರಿಸುವುದು ನಾಚಿಕೆಗೇಡು. ಹತ್ತಿರದ ಶಾಲೆಯ ಒಂದು ಕೊಠಡಿ ಅಥವಾ ರಂಗಕ್ಕೆ ಅಂಟಿದ ಮನೆಯ ಒಂದು ಕೋಣೆ ಬೇಕು. ಒಳಗಿನಿಂದ ಚಿಲಕ, ನಡೆದು ಹೋಗುವಷ್ಟು ಹತ್ತಿರದಲ್ಲಿ ದೀಪವಿರುವ ಶೌಚಾಲಯ, ಎರಡು ಬಕೆಟ್ ನೀರು, ಆಳೆತ್ತರದ ಕನ್ನಡಿ ಇರಬೇಕು. ಬಲ್ಬು ತಲೆಯ ಮೇಲೆ ನೇತಾಡಿದರೆ ಕಣ್ಣಿನ ಕೆಳಗೆ ನೆರಳು ಬಿದ್ದು ಬಣ್ಣ ಹೆಚ್ಚಾಗಿ ಹಚ್ಚಿಬಿಡುತ್ತಾರೆ. ಮುಖದ ಎರಡೂ ಪಕ್ಕಕ್ಕೆ ಒಂದೊಂದು ಬಲ್ಬು ಬೇಕು.

ಹಿಂದೆ ಸಫೇದ ಎಂಬ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕೆಂಪಿಗೆ ಇಂಗಳೀಕ ಬೆರೆಸುತ್ತಿದ್ದರು. ಇಂಗಳೀಕದಲ್ಲಿ ಪಾದರಸ ಇದೆ, ಇವತ್ತೂ ಯಾರಾದರೂ ತಂದರೆ ಬೇಡ ಎನ್ನಿ. ಈಗ ಬಳಕೆಯಲ್ಲಿರುವುದು ಪ್ಯಾನ್‌ಕೇಕ್ ಎಂಬ ಮುಖದ ಬಣ್ಣ. ಒದ್ದೆ ಸ್ಪಂಜಿನಲ್ಲಿ ತೆಳುವಾಗಿ ಎರಡು ಪದರ ಹಚ್ಚಿದರೆ ಬೆಳಗಿನವರೆಗೆ ನಿಲ್ಲುತ್ತದೆ, ದಪ್ಪಗೆ ಒಂದೇ ಸಲ ಮೆತ್ತಿದರೆ ಮಧ್ಯರಾತ್ರಿಗೆ ಬೆವರಿನಲ್ಲಿ ಬಿರುಕು ಬಿಡುತ್ತದೆ. ಹಚ್ಚುವ ಮೊದಲು ತಣ್ಣೀರಿನಲ್ಲಿ ಮುಖ ಒರೆಸಿಕೊಳ್ಳುವುದು, ಮೇಲೆ ತೆಳ್ಳಗೆ ಪೌಡರ್ ಹಾಕುವುದು ಇದಕ್ಕಾಗಿಯೇ. ಒಂದೇ ಸ್ಪಂಜನ್ನು ಹತ್ತು ಮುಖಕ್ಕೆ ಉಜ್ಜುವ ಮೇಕಪ್‌ನವರಿಂದ ಕಣ್ಣಿನ ಸೋಂಕು ಹರಡುತ್ತದೆ. ಹೆಚ್ಚಿನ ಕಲಾವಿದೆಯರು ತಮ್ಮ ಮೇಕಪ್ ತಾವೇ ಮಾಡಿಕೊಂಡು ಪೆಟ್ಟಿಗೆಯನ್ನೂ ತರುತ್ತಾರೆ. ಸೀರೆ ಅವರದು, ಒಡವೆ ಸೀನ್ಸ್‌ನವರದು ಎಂಬುದು ಸಾಮಾನ್ಯ ಒಪ್ಪಂದ. ಡಾಬು, ವಂಕಿ, ಕಿರೀಟದ ಒಳಬದಿಯ ಮೆತ್ತೆ ಕಿತ್ತುಹೋಗಿದ್ದರೆ ತಗಡು ಕೊರೆಯುತ್ತದೆ. ಹತ್ತಿ, ಪಟ್ಟಿ, ಸೇಫ್ಟಿ ಪಿನ್ ಸೀನ್ಸ್‌ನವರೇ ಕೊಡಬೇಕು. ಊಟ ಬಣ್ಣ ಹಚ್ಚುವ ಮೊದಲೇ ಆಗಬೇಕು. ಡಾಬು ಬಿಗಿದ ಮೇಲೆ ಉಣ್ಣಲಾಗುವುದಿಲ್ಲ.

ಮೈಕಿನ ಬಗ್ಗೆ ಎರಡು ಮಾತು. ರಂಗದ ಮುಂದೆ ಎರಡು ಸ್ಟ್ಯಾಂಡ್ ಮೈಕು, ಮೇಲಿಂದ ಇಳಿಬಿಟ್ಟ ಎರಡು ಮೈಕು ಇದ್ದರೆ ಸಾಕು. ಸಮಸ್ಯೆ ಬರುವುದು ಹಾರ್ಮೋನಿಯಂ ಕೇಳಿಸದಿದ್ದಾಗ. ಮೇಷ್ಟ್ರು ಒಂದು ಪಕ್ಕ ಕೂತಿರುತ್ತಾರೆ, ಆ ಕಡೆ ನಿಂತವರಿಗೆ ಮಾತ್ರ ಶ್ರುತಿ ಸಿಗುತ್ತದೆ, ಈ ಕಡೆಯವರು ಅಂದಾಜಿನಲ್ಲಿ ಹಾಡಿ ಕೆಳಗೆ ಜಾರುತ್ತಾರೆ. ರಂಗದ ಎರಡೂ ಬದಿಗೆ ಒಳಮುಖವಾಗಿ ಒಂದೊಂದು ಮಾನಿಟರ್ ಸ್ಪೀಕರ್ ಇಡಿಸಿ, ಅದರಲ್ಲಿ ಹಾರ್ಮೋನಿಯಂ ಮಾತ್ರ ಬರಲಿ. ಹಾಡುವವರ ದನಿಯನ್ನೂ ಅದಕ್ಕೆ ಬಿಟ್ಟರೆ ಮೇಲಿನ ಮೈಕು ಅದನ್ನೇ ಹಿಡಿದು ಕುಯ್ ಎನ್ನುತ್ತದೆ.

ನೋಟಿನ ಹಾರದ ವಿಷಯ. ಅಭಿಮಾನಿಗಳು ದೃಶ್ಯದ ಮಧ್ಯೆ ರಂಗ ಹತ್ತಿ ಹಾರ ಹಾಕುವುದನ್ನು ನಮ್ಮ ಕಡೆ ಪೂರಾ ನಿಲ್ಲಿಸಲಾಗದು. ಆದರೆ ಕಲಾವಿದೆಯರ ಸೀರೆಗೆ ನೋಟು ಚುಚ್ಚಲು ಯಾರನ್ನೂ ರಂಗಕ್ಕೆ ಬಿಡಬಾರದು. ಉಡುಗೊರೆ ಏನಿದ್ದರೂ ನಿರೂಪಕರ ಕೈಗೆ, ದೃಶ್ಯ ಮುಗಿದ ಮೇಲೆ ಹೆಸರು ಹೇಳಿ ಕೊಡುವುದು ಎಂದು ನಾಟಕ ಶುರುವಾಗುವ ಮೊದಲೇ ಮೈಕಿನಲ್ಲಿ ಸಾರಬೇಕು. ಸಮಿತಿಯ ಇಬ್ಬರು ಮೆಟ್ಟಿಲ ಬಳಿ ಕಡೆಯವರೆಗೂ ನಿಂತಿರಬೇಕು.

ಹೊತ್ತಿನ ಲೆಕ್ಕ ಈಗ ಮೊದಲಿನಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ಹಬ್ಬ, ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು. ರಾತ್ರಿಯಿಡೀ ಆಡುವ ನಾಟಕಕ್ಕೆ ಠಾಣೆಯಿಂದ ಆಕ್ಷೇಪ ಬಂದರೆ ಅರ್ಧಕ್ಕೇ ನಿಲ್ಲುತ್ತದೆ. ಈ ಕಾರಣಕ್ಕೂ ಮಂಡ್ಯದ ಕಲಾಮಂದಿರದಂಥ ಸಭಾಂಗಣದಲ್ಲಿ ಹಗಲು ಹೊತ್ತಿನಲ್ಲೇ ಶುರುಮಾಡುವುದು ಒಳ್ಳೆಯದು. ಅಲ್ಲಿ ಬಣ್ಣದ ಮನೆ, ಶೌಚಾಲಯ, ಗೋಡೆಯೊಳಗೇ ನಿಲ್ಲುವ ಧ್ವನಿ ಮೂರೂ ಸಿಗುತ್ತವೆ. ಮಳೆಯ ಭಯವೂ ಇಲ್ಲ.

ಹೊತ್ತು ಕಡಿಮೆಯಾದಾಗ ಪಾಠ ಕತ್ತರಿಸಲೇಬೇಕು. ದುಡ್ಡು ಹಾಕಿದ ಗಂಡಸರ ಒಂದು ಪದ್ಯವನ್ನೂ ಮುಟ್ಟದೆ ಹೆಣ್ಣು ಪಾತ್ರಗಳ ದೃಶ್ಯಗಳಿಗೇ ಕತ್ತರಿ ಹಾಕುವುದು ಎಲ್ಲ ಕಡೆಯ ರೂಢಿ. ಇದರಿಂದ ಕಥೆಯ ಮೂಳೆಯೇ ಮುರಿಯುತ್ತದೆ. ಕುಂತಿ ಕರ್ಣನ ಬಳಿ ಹೋಗುವ ದೃಶ್ಯವನ್ನು ನೋಡಿ. ಅಳುವಿನ ಹಾಡು ಒಂದನ್ನು ಬಿಡಬಹುದು, ಆದರೆ ಕರ್ಣ ಕೊಡುವ ಎರಡು ಮಾತು ಉಳಿಯಲೇಬೇಕು: ಅರ್ಜುನನನ್ನುಳಿದು ಬೇರೆ ಮಕ್ಕಳನ್ನು ಕೊಲ್ಲುವುದಿಲ್ಲ ಎಂಬುದು, ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಎಂಬುದು. ಇವು ಬಿದ್ದುಹೋದರೆ ಕೊನೆಯ ಯುದ್ಧದಲ್ಲಿ ಸರ್ಪಾಸ್ತ್ರವನ್ನು ಮರಳಿ ತೊಡಲು ಒಪ್ಪದ ಕರ್ಣ ಜನರಿಗೆ ಅರ್ಥವಾಗುವುದೇ ಇಲ್ಲ. ದ್ರೌಪದಿ ಮುಡಿ ಬಿಚ್ಚಿ ಶಪಥ ಮಾಡುವುದನ್ನು ತೆಗೆದರೆ ಭೀಮ ದುಶ್ಯಾಸನನ ರಕ್ತಕ್ಕೆ ಕೈ ಹಾಕುವುದು ಬರೀ ಕ್ರೌರ್ಯವಾಗುತ್ತದೆ.

ಯಾವ ಮಾತು ಉಳಿಸಬೇಕು, ಕತ್ತರಿಸಿದ ಜಾಗಕ್ಕೆ ಯಾವ ಕೊಂಡಿ ಬರೆಯಬೇಕು ಎಂಬುದನ್ನು ಚೆನ್ನಾಗಿ ಬಲ್ಲವರು ಇದೇ ನಾಟಕವನ್ನು ಹತ್ತಾರು ಊರಿನಲ್ಲಿ ಆಡಿದ ಹಿರಿಯ ಕಲಾವಿದೆಯರು. ಅವರ ನೋಟ್‌ಬುಕ್ ತೆಗೆದು ನೋಡಿದರೆ ಒಂದೇ ದೃಶ್ಯಕ್ಕೆ ಇಪ್ಪತ್ತು ನಿಮಿಷದ್ದೊಂದು, ಎಂಟು ನಿಮಿಷದ್ದೊಂದು ಪಾಠ ಬರೆದಿಟ್ಟುಕೊಂಡಿರುತ್ತಾರೆ. ಸಂಭಾಷಣೆ ಬರೆಯುವವರ ಕೆಲಸವನ್ನೇ ಅವರು ಮಾಡುತ್ತಿದ್ದಾರೆ, ಆದರೆ ಕರಪತ್ರದಲ್ಲಿ ಅದಕ್ಕೆ ಹೆಸರಿಲ್ಲ, ಸಂಭಾವನೆಯೂ ಇಲ್ಲ. ಮೇಷ್ಟ್ರ ಜೊತೆ ಅವರನ್ನೂ ಒಂದು ದಿನ ಕೂರಿಸಿ ಪಾಠ ಇಳಿಸಿಕೊಳ್ಳಿ. ಆ ದಿನಕ್ಕೆ ಬೇರೆ ಸಂಭಾವನೆ ಕೊಟ್ಟು, ಕರಪತ್ರದಲ್ಲಿ 'ಪಾಠ ಸಂಗ್ರಹ' ಎಂದು ಅವರ ಹೆಸರು ಹಾಕಿ.

ಸೀಸನ್ನಿನಲ್ಲಿ ಕಲಾವಿದೆಯರಿಗೆ ಸಾಲು ಸಾಲು ರಾತ್ರಿ ನಾಟಕ, ಹಗಲೆಲ್ಲ ಬಸ್ಸು. ಮೂರನೇ ರಾತ್ರಿಗೆ ಶಾರೀರ ಒಡೆಯುತ್ತದೆ. ಹಿಂದಿನ ರಾತ್ರಿ ಎಲ್ಲಿದ್ದರು ಎಂದು ಕೇಳಿ ತಿಳಿದುಕೊಳ್ಳುವುದು ತಪ್ಪಲ್ಲ. ಬಿಡುವಿಲ್ಲದೆ ಬಂದಿದ್ದರೆ ಸಂಜೆ ಎರಡು ತಾಸು ಮಲಗಲು ಜಾಗ ಕೊಡಿ, ರಂಗದ ಪಕ್ಕ ಬಿಸಿನೀರಿನ ಫ್ಲಾಸ್ಕ್ ಇಡಿ, ತಣ್ಣನೆಯ ಜ್ಯೂಸ್ ಕೊಡಬೇಡಿ.

ಇನ್ನು ಒಪ್ಪಂದ. ಬಾಯಿಮಾತು ಸಾಲದು, ಅರ್ಧ ಹಾಳೆಯಾದರೂ ಸಾಕು, ಬರೆದಿರಲಿ. ನಾಟಕ, ಪಾತ್ರಗಳು, ಹಾಡುಗಳ ಪಟ್ಟಿ, ಟ್ರಯಲ್ ದಿನ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಮುಂಗಡ, ಬಾಕಿ, ಬದಲಿ ಕಳಿಸುವಂತಿಲ್ಲ ಎಂಬ ಮಾತು ಅದರಲ್ಲಿರಬೇಕು. ಬಾಕಿ ಹಣವನ್ನು ಬೆಳಿಗ್ಗೆ ಲೆಕ್ಕ ನೋಡಿ ಕೊಡುತ್ತೇವೆ ಎನ್ನುವುದು ದೊಡ್ಡ ಕೆಟ್ಟ ಚಾಳಿ. ಬೆಳಿಗ್ಗೆ ಖಜಾಂಚಿ ನಿದ್ದೆಯಲ್ಲಿರುತ್ತಾರೆ, ಕಲಾವಿದೆ ಬಸ್ಸಿನ ಹೊತ್ತು ನೋಡುತ್ತಾ ಶಾಲೆಯ ಜಗಲಿಯಲ್ಲಿ ಕೂತಿರುತ್ತಾರೆ. ಮಧ್ಯದ ಬಿಡುವಿನಲ್ಲೇ ಕವರ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. ನಾಟಕ ಮುಗಿದಾಗ ಕತ್ತಲಿದ್ದರೆ ಬಸ್ ಸ್ಟ್ಯಾಂಡಿನವರೆಗಲ್ಲ, ಮನೆಯವರೆಗೆ ವಾಹನ, ಜೊತೆಗೆ ಸಮಿತಿಯ ಒಬ್ಬ ಹೆಣ್ಣುಮಗಳು. ಊರಲ್ಲಿ ಸಾವಾದರೆ, ಏಪ್ರಿಲ್ ಮೇ ತಿಂಗಳ ಮಳೆ ಬಂದರೆ ನಾಟಕ ನಿಲ್ಲುತ್ತದೆ. ಹಾಗೆ ನಿಂತರೆ ಮುಂಗಡ ವಾಪಸ್ ಕೇಳುವಂತಿಲ್ಲ, ಮುಂದಿನ ತಾರೀಖಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು. ಕಲಾವಿದೆ ಊರಿಗೆ ಬಂದಿಳಿದ ಮೇಲೆ ನಿಂತರೆ ಅರ್ಧ ಸಂಭಾವನೆ, ಬಣ್ಣ ಹಚ್ಚಿದ ಮೇಲೆ ನಿಂತರೆ ಪೂರ್ತಿ ಎಂದು ಬರೆದುಕೊಳ್ಳುವುದು ಇಬ್ಬರಿಗೂ ಸರಿ.